ಸ್ಪೆಷಲ್ ಬಿ.ಎಡ್ ಅರ್ಜಿ ತುಂಬುವ ಮೊದಲು ಒಂದು ದಿನ ನನ್ನ ಜೊತೆ ಬನ್ನಿ

ಡಿಗ್ರಿ ರಿಸಲ್ಟ್ ಬಂತೆಂದರೆ ನನ್ನ ಫೋನಿಗೆ ಪುರುಸೊತ್ತಿರುವುದಿಲ್ಲ. ಆಳಂದದಿಂದ, ಸೇಡಂನಿಂದ, ಹುಮನಾಬಾದ್‌ನಿಂದ ಕರೆ ಬರುತ್ತವೆ. ಅಂಗವಿಕಲತೆ ಇರುವ ಮಕ್ಕಳಿಗೆ ಕಲಿಸುವ ಟೀಚರ್ ಆಗಲು ಓದುವ ಕೋರ್ಸಿನ ಬಗ್ಗೆ. ಮಾತಾಡುವವರು ಬೇರೆ ಬೇರೆ, ಕೇಳುವುದು ಒಂದೇ. "ಮೇಡಂ, ಸ್ಪೆಷಲ್ ಬಿ.ಎಡ್ ಮಾಡಿದ್ರ ನೌಕರಿ ಗ್ಯಾರಂಟಿ ಏನ್ರಿ?"

ಹೋದ ವರ್ಷ ಶಹಾಪುರ ಕಡೆಯ ಹುಡುಗಿಯೊಬ್ಬಳು ಮಾತ್ರ ಬೇರೆ ಕೇಳಿದಳು. "ಆ ಮಕ್ಕಳಿಗೆ ನೀವು ಕಲಿಸೋದರ ಏನ್ರಿ ಮೇಡಂ?"

ನನಗೆ ಖುಷಿಯಾಯಿತು. ಕಲಬುರಗಿ ಜಿಲ್ಲೆಯಲ್ಲಿ ಬೌದ್ಧಿಕ ಅಂಗವಿಕಲತೆ ಇರುವ ಮಕ್ಕಳ ಜೊತೆ ನನ್ನ ಅರ್ಧ ಆಯುಷ್ಯ ಕಳೆದಿದೆ. ನೌಕರಿ ಬಿಟ್ಟು ಕೆಲಸದ ಬಗ್ಗೆ ಮೊದಲು ಕೇಳಿದವರು ಬೆರಳೆಣಿಕೆಯಷ್ಟು. ಅವಳಿಗೆ ಒಂದೇ ಮಾತಿನಲ್ಲಿ ಹೇಳಿದೆ: ಚಡ್ಡಿ ಹಾಕಿಕೊಳ್ಳೋದು ಕಲಿಸ್ತೀನವ್ವ. ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.

ಚಡ್ಡಿ ಹಾಕಿಕೊಳ್ಳುವುದು ನಮಗೆ ಒಂದು ಕೆಲಸ. ಹತ್ತು ವರ್ಷವಾದರೂ ಅದು ಬಾರದ ಮಗುವಿಗೆ ಅದು ಏಳೆಂಟು ಕೆಲಸ. ಚಡ್ಡಿ ಕೈಯಲ್ಲಿ ಹಿಡಿಯಬೇಕು. ಮುಂದಿನ ಭಾಗ ಯಾವುದು ನೋಡಬೇಕು. ಒಂದು ಕಾಲು ತೂರಿಸಬೇಕು, ಆಮೇಲೆ ಇನ್ನೊಂದು. ಮೊಣಕಾಲಿನವರೆಗೆ ಎಳೆಯಬೇಕು, ತೊಡೆಯವರೆಗೆ ಎಳೆಯಬೇಕು, ಕೊನೆಗೆ ಸೊಂಟಕ್ಕೆ ತರಬೇಕು. ಹೀಗೆ ಬಿಡಿಸಿಕೊಂಡ ಮೇಲೆ ನಾವು ಕಲಿಸುವುದು ಕೊನೆಯಿಂದ. ತೊಡೆಯವರೆಗೆ ನಾನೇ ಹಾಕುತ್ತೇನೆ. ಸೊಂಟಕ್ಕೆ ಎಳೆಯುವ ಆ ಒಂದು ಜಗ್ಗು ಮಾತ್ರ ಮಗುವಿನದು. ಜಗ್ಗಿದ ಕೂಡಲೇ ಕೆಲಸ ಮುಗಿಯಿತು, ಶಭಾಷ್ ಸಿಕ್ಕಿತು. ಅದು ಪಕ್ಕಾ ಆದ ಮೇಲೆ ಮೊಣಕಾಲಿನಿಂದ ಬಿಡುತ್ತೇನೆ. ಆಮೇಲೆ ಪಾದದಿಂದ. ಇದಕ್ಕೆ ಕೋರ್ಸಿನಲ್ಲಿ ಬ್ಯಾಕ್‌ವರ್ಡ್ ಚೈನಿಂಗ್ ಎನ್ನುತ್ತಾರೆ. ಇದರ ಗುಟ್ಟು ಸರಳ. ಮೊದಲಿನಿಂದ ಕಲಿಸಿದರೆ ಮಗು ಮೊದಲ ಹೆಜ್ಜೆಯಲ್ಲೇ ಸೋತು, ಉಳಿದದ್ದನ್ನು ಅವ್ವ ಮಾಡುತ್ತಾಳೆ. ಕೊನೆಯಿಂದ ಕಲಿಸಿದರೆ ದಿನಾ ಮಗುವೇ ಮುಗಿಸುತ್ತದೆ.

ಸಹಾಯವನ್ನೂ ಹೀಗೇ ಅಳೆದು ಕಡಿಮೆ ಮಾಡಬೇಕು. ಮೊದಲು ಮಗುವಿನ ಕೈ ಮೇಲೆ ನನ್ನ ಕೈ. ಆಮೇಲೆ ಮೊಣಕೈ ಮುಟ್ಟಿದರೆ ಸಾಕು. ಆಮೇಲೆ ಬೆರಳು ತೋರಿಸುವುದು. ಆಮೇಲೆ ಬರೀ ಮಾತು. ಕೊನೆಗೆ ಮಾತೂ ಇಲ್ಲ. ತರಬೇತಿಗೆ ಬರುವ ಬಿ.ಎಡ್ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಪ್ರೀತಿ ಜಾಸ್ತಿಯಾಗಿ ಕೈ ಬಿಡುವುದೇ ಇಲ್ಲ!

ವೈಯಕ್ತಿಕ ಶಿಕ್ಷಣ ಯೋಜನೆ, ನಾವು ಐಇಪಿ ಎನ್ನುವುದು, ಬರೆಯುವಾಗಲೂ ಇದೇ ಕಥೆ. "ಮಗು ಸ್ವಾವಲಂಬಿಯಾಗುತ್ತದೆ" ಎಂದು ಬರೆದುಕೊಂಡು ಬರುತ್ತಾರೆ. ಓದಲು ಚೆಂದ, ಆದರೆ ಆಗಿದೆಯೋ ಇಲ್ಲವೋ ಅಳೆಯುವುದು ಹೇಗೆ? "ಮೊಣಕಾಲಿಗೆ ಬಂದ ಚಡ್ಡಿಯನ್ನು, ಬರೀ ಮಾತಿನ ಸಹಾಯದಿಂದ, 10 ಸಲದಲ್ಲಿ 8 ಸಲ ಸೊಂಟಕ್ಕೆ ಎಳೆದುಕೊಳ್ಳುತ್ತಾನೆ" ಎಂದು ಬರೆಯಿರಿ. ನೋಡಲು ಸಣ್ಣದು. ಆದರೆ ನಾಳೆ ಬೇರೆ ಟೀಚರ್ ಬಂದರೂ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತದೆ.

ಈಗ ಅರ್ಜಿ ವಿಷಯಕ್ಕೆ ಬರೋಣ. ಅದಕ್ಕೇ ಕಾಯುತ್ತಿದ್ದೀರಿ, ಅಲ್ವಾ?

ವಿಶೇಷ ಶಿಕ್ಷಣದ ಕೋರ್ಸುಗಳನ್ನು ನೋಡಿಕೊಳ್ಳುವುದು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ. 1992ರ ಕಾಯ್ದೆಯಿಂದ ಬಂದ ಸಂಸ್ಥೆ. ಪಾಸಾದ ಮೇಲೆ ಅದರ ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ಹೆಸರು ಸೇರಬೇಕು, ನಿಮಗೊಂದು ಸಿಆರ್‌ಆರ್ ನಂಬರ್ ಬರಬೇಕು. ಅದಿಲ್ಲದೆ ಈ ವೃತ್ತಿ ಮಾಡುವವರಿಗೆ 1 ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಅಂತ ಕಾಯ್ದೆ ಹೇಳುತ್ತದೆ. ಆದ್ದರಿಂದ ಕಾಲೇಜಿನ ಬ್ಯಾನರ್ ನೋಡಿ ಹಣ ಕಟ್ಟಬೇಡಿ. ಆರ್‌ಸಿಐ ವೆಬ್‌ಸೈಟಿನಲ್ಲಿ ಮೂರು ನೋಡಿ: ಆ ಕಾಲೇಜಿನ ಹೆಸರು, ಆ ಕೋರ್ಸು, ಆ ವರ್ಷ. ಕಾಲೇಜಿಗೆ ಹಿಂದೆ ಯಾವಾಗಲೋ ಮಾನ್ಯತೆ ಇತ್ತು ಎಂಬುದು ನಿಮ್ಮ ಬ್ಯಾಚಿಗೆ ಉಪಯೋಗಕ್ಕೆ ಬರುವುದಿಲ್ಲ. ನನ್ನ ಪರಿಚಯದ ಒಬ್ಬ ಹುಡುಗ ಎರಡು ವರ್ಷ ಓದಿದ ಮೇಲೆ ಇದನ್ನು ಕಂಡುಕೊಂಡ. ಅವರಪ್ಪ ತೊಗರಿ ಮಾರಿ ಫೀ ಕಟ್ಟಿದ್ದರು.

ಬಿ.ಎಡ್ ಸ್ಪೆಷಲ್ ಎಜುಕೇಶನ್ ಎರಡು ವರ್ಷದ್ದು. ಡಿಗ್ರಿಯಲ್ಲಿ 50 ಶೇಕಡಾ ಬೇಕು, ಮೀಸಲಾತಿ ಇರುವವರಿಗೆ ರಿಯಾಯಿತಿ ಉಂಟು. ಸೇರುವಾಗಲೇ ವಿಭಾಗ ಆರಿಸಿಕೊಳ್ಳಬೇಕು. ಶ್ರವಣ ದೋಷ, ದೃಷ್ಟಿ ದೋಷ, ಬೌದ್ಧಿಕ ಅಂಗವಿಕಲತೆ, ಕಲಿಕಾ ನ್ಯೂನತೆ, ಆಟಿಸಂ ಹೀಗೆ. ಎಲ್ಲ ವಿಭಾಗ ಎಲ್ಲ ಕಡೆ ಇರುವುದಿಲ್ಲ. ಹಲವರು ಸೀಟು ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತಾರೆ. ನಾನಾದರೆ ಹಾಗೆ ಮಾಡುವುದಿಲ್ಲ. ಕಿವಿ ಕೇಳದ ಮಗುವಿಗೆ ಭಾಷೆ ಕೊಡುವುದು ಒಂದು ವಿದ್ಯೆ. ಕಣ್ಣು ಕಾಣದ ಮಗುವಿಗೆ ಆರು ಚುಕ್ಕಿಯ ಬ್ರೈಲ್‌ನಲ್ಲಿ ಕನ್ನಡ ಓದಿಸುವುದು ಬೇರೆಯೇ ವಿದ್ಯೆ. ಮೊದಲು ಆ ಮಕ್ಕಳ ಹತ್ತಿರ ಕೂತು ನೋಡಿ, ಆಮೇಲೆ ಆರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆ ಇದೆ. ಹಳ್ಳಿಗೆ ಹೋದಾಗ ನಿಮ್ಮ ವಿಭಾಗದ ಮಗುವೇ ಸಿಗುತ್ತದೆ ಅಂತೇನಿಲ್ಲ. ಒಂದೇ ಓಣಿಯಲ್ಲಿ ನಾಲ್ಕು ಬಗೆ ಸಿಗಬಹುದು.

ಎಲ್ಲಿ ಓದಬೇಕು? ನಮ್ಮ ಭಾಗದವರು ಮೈಸೂರು, ಬೆಂಗಳೂರು ಅಂತ ಹೊರಡುತ್ತಾರೆ. ಶ್ರವಣ ದೋಷದ ವಿಭಾಗಕ್ಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗುವುದು ಸರಿಯೇ. 1965ರಿಂದ ಇರುವ ಸಂಸ್ಥೆ ಅದು. ಆದರೆ ಬೌದ್ಧಿಕ ಅಂಗವಿಕಲತೆಗೆ ಕೇಂದ್ರ ಸರ್ಕಾರದ ದೊಡ್ಡ ಸಂಸ್ಥೆ ನಮ್ಮ ಪಕ್ಕದಲ್ಲೇ, ಸಿಕಂದರಾಬಾದ್‌ನ ಮನೋವಿಕಾಸ ನಗರದಲ್ಲಿದೆ. 1984ರಲ್ಲಿ ಶುರುವಾಯಿತು, ಈಗಿನ ಹೆಸರು ಎನ್‌ಐಇಪಿಐಡಿ. ವಾಡಿ, ತಾಂಡೂರು, ವಿಕಾರಾಬಾದ್ ದಾಟಿದರೆ ಬಂದೇ ಬಿಟ್ಟಿತು. ಬೀದರ್‌ನವರಿಗಂತೂ ಇನ್ನೂ ಹತ್ತಿರ. ಅಲ್ಲಿ ಪಾಠ ಕನ್ನಡದಲ್ಲಿ ನಡೆಯುವುದಿಲ್ಲ, ಅದೊಂದು ತೊಡಕು. ರಾಜ್ಯದೊಳಗೇ ಓದುವುದಾದರೆ ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಮೊದಲೇ ತೆಗೆಸಿಟ್ಟುಕೊಳ್ಳಿ. ಕೊನೇ ವಾರ ಕಚೇರಿ ಮುಂದೆ ಕ್ಯೂ ನಿಲ್ಲಬೇಡಿ.

"ಸಾದಾ ಬಿ.ಎಡ್ ಮಾಡು, ಟಿಇಟಿ ಬರಿ" ಎನ್ನುವ ಅಪ್ಪಂದಿರಿಗೆ ಒಂದು ಮಾತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, 2010ರಲ್ಲಿ ಹೊರಡಿಸಿದ ಅರ್ಹತಾ ನಿಯಮದಲ್ಲಿ ಸ್ಪೆಷಲ್ ಬಿ.ಎಡ್ ಕೂಡ ಸೇರಿದೆ. ಶಿಕ್ಷಕರಾಗಿ ನೇಮಕವಾದ ಮೇಲೆ ಆರು ತಿಂಗಳ ವಿಶೇಷ ತರಬೇತಿ ಮುಗಿಸಬೇಕು. ಇನ್ನು ಹುದ್ದೆಗಳ ವಿಷಯ. 2021ರ ಅಕ್ಟೋಬರ್ 28ರಂದು ಸುಪ್ರೀಂ ಕೋರ್ಟ್ ಲೆಕ್ಕ ಹಾಕಿಕೊಟ್ಟಿತು. ಪ್ರಾಥಮಿಕದಲ್ಲಿ ಅಂಗವಿಕಲತೆ ಇರುವ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ. 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಹುದ್ದೆ ಮಂಜೂರು ಮಾಡಿ ಪ್ರಕಟಿಸಿ ಅಂತ ಮತ್ತೆ ಹೇಳಬೇಕಾಯಿತು. ಅದರಿಂದ ನೌಕರಿ ಗ್ಯಾರಂಟಿ ಅಂತ ನಾನು ಹೇಳುವುದಿಲ್ಲ. ಕೆಲಸ ಮಾತ್ರ ಬೆಟ್ಟದಷ್ಟಿದೆ.

ಎಷ್ಟಿದೆ ಅಂತ ಗೊತ್ತಾಗಲು 2019ರ ಡಿಸೆಂಬರ್ 26 ನೆನಪಿಸಿಕೊಳ್ಳಿ. ಸೂರ್ಯಗ್ರಹಣದ ದಿನ. ಕಲಬುರಗಿ ಹತ್ತಿರದ ಒಂದು ಊರಿನಲ್ಲಿ ಅಂಗವಿಕಲತೆ ಇರುವ ಮಕ್ಕಳನ್ನು ಕುತ್ತಿಗೆವರೆಗೆ ಹೂತು ನಿಲ್ಲಿಸಿದ್ದ ಚಿತ್ರ ದೇಶವೆಲ್ಲ ನೋಡಿತು. ಗ್ರಹಣ ಬಿಟ್ಟರೆ ಮಕ್ಕಳು ಸರಿಯಾಗುತ್ತಾರೆ ಎಂಬ ನಂಬಿಕೆ. ಎಲ್ಲರೂ ತಂದೆತಾಯಿಯನ್ನು ಬೈದರು. ತಪ್ಪು ತಪ್ಪೇ, ಆ ಮಕ್ಕಳ ಅಳು ನೋಡಲಾಗುವುದಿಲ್ಲ. ಆದರೆ ನನಗೆ ಅಂಥ ಅವ್ವಂದಿರು ಗೊತ್ತು. ದರ್ಗಾಕ್ಕೆ ಹೋಗಿರುತ್ತಾರೆ, ಗುಡಿಗೆ ಹೋಗಿರುತ್ತಾರೆ, ಸೊಲ್ಲಾಪುರದ ಡಾಕ್ಟರ್ ಹತ್ತಿರ ಹೋಗಿರುತ್ತಾರೆ. ನಾಲ್ಕು ಗಂಟೆ ಕಾದರೆ ಡಾಕ್ಟರು ಒಂದು ಟಾನಿಕ್ ಬರೆದುಕೊಟ್ಟು ಕಳಿಸಿರುತ್ತಾರೆ. ಮನೆಗೆ ಬಂದು, ನೆಲದ ಮೇಲೆ ಕೂತು, "ನಿನ್ನ ಮಗ ಇಷ್ಟು ಕಲೀತಾನ, ಇವತ್ತು ಇದರಿಂದ ಶುರು ಮಾಡೂಣು" ಎಂದವರು ಯಾರೂ ಇರುವುದಿಲ್ಲ.

ಹಾಗೆ ಕೂತರೂ ನಾವು ಎಡವುತ್ತೇವೆ. ನನ್ನದೇ ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಚಿಂಚೋಳಿ ಕಡೆಯ ಒಂದು ತಾಂಡಾ. ಏಳು ವರ್ಷದ ಹುಡುಗಿ. ಅವಳ ತಂದೆತಾಯಿ ಪುಣೆಗೆ ಗುಳೆ ಹೋಗಿದ್ದರು, ಅಜ್ಜಿಯ ಹತ್ತಿರ ಬಿಟ್ಟಿದ್ದರು. ನಾನು ಎಫ್‌ಎಸಿಪಿ ಪಟ್ಟಿ ತೆಗೆದೆ. ಸಿಕಂದರಾಬಾದ್ ಸಂಸ್ಥೆ ತಯಾರಿಸಿದ್ದು ಅದು. ಮಗು ಏನು ಮಾಡುತ್ತದೆ ಅಂತ ಒಂದೊಂದೇ ನೋಡುತ್ತಾ ಹೋಗುವ ಪಟ್ಟಿ, 80 ಶೇಕಡಾ ಬಂದರೆ ಮುಂದಿನ ಹಂತಕ್ಕೆ. "ನೀರು ಎಲ್ಲಿದೆ ತೋರಿಸು." ಸುಮ್ನೆ ನೋಡಿದಳು. "ರೊಟ್ಟಿ ಎಲ್ಲಿದೆ?" ಸುಮ್ನೆ. "ಅವ್ವ ಎಲ್ಲಿ?" ಅದಕ್ಕೂ ಸುಮ್ನೆ. ನಾನು ಸೊನ್ನೆ ಹಾಕುತ್ತಾ ಹೋದೆ. ಬಾಗಿಲಲ್ಲಿ ಕೂತಿದ್ದ ಅಜ್ಜಿ ಕೊನೆಗೆ ತಡೆಯಲಾರದೆ "ಪಾಣಿ" ಎಂದಳು. ಹುಡುಗಿ ಎದ್ದು ಹೋಗಿ ಕೊಡದ ಮೇಲೆ ಕೈಯಿಟ್ಟಳು. "ಬಾಟಿ" ಎಂದಳು. ರೊಟ್ಟಿ ಬುಟ್ಟಿ ತೋರಿಸಿದಳು. "ಯಾಡಿ" ಎಂದಾಗ ಗೋಡೆಯ ಮೇಲಿನ ಫೋಟೋ ನೋಡಿ ನಕ್ಕಳು.

ಆ ಹಾಳೆ ಹರಿದು ಹಾಕಿದೆ. ಪಟ್ಟಿಯಲ್ಲಿ ತಪ್ಪಿರಲಿಲ್ಲ, ಕೇಳಿದ ಭಾಷೆ ತಪ್ಪು. ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಒಂದು ಬಸ್ ಹತ್ತಿದರೆ ಕನ್ನಡ, ದಖ್ಖನಿ, ತೆಲುಗು, ಮರಾಠಿ, ಲಂಬಾಣಿ ಎಲ್ಲ ಕಿವಿಗೆ ಬೀಳುತ್ತವೆ. ಮಾತು ತಡವಾದ ಮಗುವಿಗೆ ಮನೆಮಾತೇ ಗಟ್ಟಿ ನೆಲ. ಅದನ್ನು ಬಿಟ್ಟು ಪುಸ್ತಕದ ಕನ್ನಡದಲ್ಲಿ ಪರೀಕ್ಷೆ ಮಾಡಿದರೆ ನಾವು ಅಳೆಯುವುದು ಬುದ್ಧಿಯನ್ನಲ್ಲ.

ಇದಕ್ಕೇ ಎಂ.ಎಡ್ ಬಗ್ಗೆ ನನಗೊಂದು ಹಟ ಇದೆ. ಎಂ.ಎಡ್ ಸ್ಪೆಷಲ್ ಕೂಡ ಎರಡು ವರ್ಷ. ಅದೇ ವಿಭಾಗದಲ್ಲಿ ಸ್ಪೆಷಲ್ ಬಿ.ಎಡ್ ಇರಬೇಕು, ಇಲ್ಲವೇ ಸಾದಾ ಬಿ.ಎಡ್ ಜೊತೆ ಆ ವಿಭಾಗದ ಡಿ.ಎಡ್ ಇರಬೇಕು. ಮುಂದೆ ಬಿ.ಎಡ್ ಮಕ್ಕಳಿಗೆ ಪಾಠ ಮಾಡಬೇಕೆಂದರೆ ಇದು ಬೇಕೇ ಬೇಕು. ಆದರೆ ಬಿ.ಎಡ್ ಮುಗಿದ ಮಾರನೇ ದಿನವೇ ಎಂ.ಎಡ್ ಸೇರಬೇಡಿ. ಮೂರು ವರ್ಷ ಕೆಲಸ ಮಾಡಿ ಹೋಗಿ. ಹಾಗೆ ಹೋಗದವರ ಪ್ರಬಂಧ ನೋಡಿದ್ದೇನೆ. "ಸಮನ್ವಯ ಶಿಕ್ಷಣದ ಕಡೆಗೆ ಶಿಕ್ಷಕರ ಮನೋಭಾವ: ಒಂದು ಅಧ್ಯಯನ." ಇನ್ನೂರು ಪ್ರಶ್ನಾವಳಿ ಹಂಚಿ, ವಾಪಸ್ ತಗೊಂಡು, ಶೇಕಡಾ ಹಾಕಿ, ಬೈಂಡ್ ಮಾಡಿಸಿದರೆ ಮುಗಿಯಿತು. ಶಿಕ್ಷಕರ ಮನೋಭಾವ ಚೆನ್ನಾಗಿದೆ ಎಂದೇ ಬರುತ್ತದೆ. ಬರದೆ ಏನು, ಕೆಟ್ಟದಾಗಿದೆ ಅಂತ ಯಾರಾದರೂ ಟಿಕ್ ಹಾಕುತ್ತಾರಾ?

ಮೂರು ವರ್ಷ ಮಕ್ಕಳ ಜೊತೆ ಇದ್ದವರಿಗೆ ಬೇರೆ ಪ್ರಶ್ನೆಗಳು ಹುಟ್ಟುತ್ತವೆ. ಮೂರೇ ಮಕ್ಕಳನ್ನು ಇಟ್ಟುಕೊಂಡು ಒಳ್ಳೆಯ ಅಧ್ಯಯನ ಮಾಡಬಹುದು. ಮೊದಲ ಕೆಲವು ದಿನ ಏನೂ ಕಲಿಸದೆ, ಮಗು ಈಗ ಎಷ್ಟು ಮಾಡುತ್ತದೆ ಅಂತ ಬರೀ ದಾಖಲಿಸುತ್ತೀರಿ. ಆಮೇಲೆ ಒಂದು ಮಗುವಿಗೆ ಕಲಿಸಲು ಶುರು ಮಾಡುತ್ತೀರಿ. ಉಳಿದಿಬ್ಬರನ್ನು ಕಾಯಿಸುತ್ತೀರಿ. ಗ್ರಾಫಿನಲ್ಲಿ ಮೊದಲನೆಯವನ ಗೆರೆ ಏರಿತು, ಉಳಿದವರದು ಅಲ್ಲೇ ನಿಂತಿತು ಎಂದರೆ ಏರಿಸಿದ್ದು ನಿಮ್ಮ ಪಾಠವೇ ಎನ್ನಲು ಆಧಾರ ಸಿಗುತ್ತದೆ. ಎರಡನೆಯವನಿಗೆ ಶುರು ಮಾಡಿದ ದಿನ ಅವನದೂ ಏರಿದರೆ ಆಧಾರ ಗಟ್ಟಿ. ಪಾವ್ ಕಿಲೋ ಬೇಳೆ ತಂದು ಚಿಲ್ಲರೆ ಎಣಿಸುವುದನ್ನು ಮನೆಮಾತಿನಲ್ಲಿ ಕಲಿಸಿ ಹೀಗೆ ಬರೆದಿಡಿ. ಓದಲು ನಾನೇ ಮೊದಲು ನಿಲ್ಲುತ್ತೇನೆ.

ಆ ಶಹಾಪುರದ ಹುಡುಗಿಗೆ ಅರ್ಜಿ ಹಾಕುವ ಮೊದಲು ಒಂದು ದಿನ ಬಾ ಎಂದಿದ್ದೆ. ಬಂದಳು. ಬೆಳಗಿನ ಬಸ್ಸಿಗೆ ಚಿಂಚೋಳಿ, ಅಲ್ಲಿಂದ ಟಂಟಂ, ಕೊನೆಗೆ ನಡಿಗೆ. ಬಿಸಿಲು ಕೇಳಬೇಡಿ. ತಾಂಡಾದಲ್ಲಿ ಈಗ ಒಂಬತ್ತು ವರ್ಷದ ಒಬ್ಬ ಹುಡುಗನಿದ್ದಾನೆ. ಚಡ್ಡಿ ಪಾಠ ಅವನದೇ. ತೊಡೆಯವರೆಗೆ ತಂದು ನಾನು ಕೈ ಬಿಟ್ಟೆ, ಕಾದೆ. ಒಂದು ನಿಮಿಷವಾಯಿತು. ಅವಳು ಮುಂದೆ ಬಗ್ಗಿ ಸಹಾಯಕ್ಕೆ ಕೈ ಚಾಚಿದಳು. ನಾನು ಅವಳ ಕೈ ಹಿಡಿದೆ. ಇನ್ನಷ್ಟು ಹೊತ್ತು. ಹುಡುಗ ನಮ್ಮಿಬ್ಬರನ್ನೂ ನೋಡಿ, ಎರಡೂ ಕೈಯಲ್ಲಿ ಜಗ್ಗಿದ. ಒಂದು ಕಡೆ ಏರಿತು, ಇನ್ನೊಂದು ಕಡೆ ಇಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಜಾಸ್ತಿ ಮಾತಾಡಲಿಲ್ಲ. ಸೀಟು ಎಷ್ಟಿವೆ, ಫೀ ಎಷ್ಟು ಎಂದು ಕೇಳಬಹುದು ಅಂತ ನಾನು ಕಾಯುತ್ತಿದ್ದೆ. ಊರು ಹತ್ತಿರ ಬಂದಾಗ ತಿರುಗಿ ಕೇಳಿದಳು. "ಮೇಡಂ, 'ಮ್ಯಾಲ ಜಗ್ಗು' ಅನ್ನೂದಕ್ಕ ಲಂಬಾಣ್ಯಾಗ ಏನಂತಾರ್ರಿ?"

ಅಷ್ಟು ವರ್ಷ ಆ ತಾಂಡಾಗಳಿಗೆ ಹೋಗಿ ಬಂದಿದ್ದೇನೆ, ಅದು ನನಗೆ ಬರುತ್ತಿರಲಿಲ್ಲ. ಅವಳು ಎದ್ದು ಹಿಂದಿನ ಸೀಟಿನಲ್ಲಿ ಕೂತಿದ್ದ ತಾಂಡಾದ ಅಜ್ಜಿಯ ಪಕ್ಕ ಹೋಗಿ ಕೂತಳು.