ಮೊದಲ ಏರ್ ರೈಫಲ್‌ಗೆ ಎಷ್ಟು ಎಫ್‌ಪಿಎಸ್ ಬೇಕು?

ಪ್ರಶ್ನೆ: ಸರ್, 10 ಮೀಟರ್ ಏರ್ ರೈಫಲ್ ಕಲಿಯೋಕೆ ಶುರು ಮಾಡಿದ್ದೀನಿ. ಕ್ಲಬ್ ರೈಫಲ್ ಬಿಟ್ಟು ಸ್ವಂತದ್ದು ಮಾಡ್ಕೋಬೇಕು. ಒಂದೊಂದೇ ಭಾಗ ಕೊಂಡು ಜೋಡಿಸ್ಕೊಳ್ಳೋಣ ಅಂತಿದ್ದೀನಿ. ಎಷ್ಟು ಎಫ್‌ಪಿಎಸ್ ಇರೋದು ತಗೊಳ್ಳಲಿ? 1000 ಸಾಕಾ, 1200 ಬೇಕಾ? ಸ್ಪ್ರಿಂಗ್ ಬದಲಾಯಿಸಿದ್ರೆ ಪವರ್ ಜಾಸ್ತಿ ಆಗುತ್ತಂತೆ, ಹೌದಾ?

ಉತ್ತರ: 560 ಸಾಕು. ಸ್ಪ್ರಿಂಗ್ ಮುಟ್ಟಬೇಡಿ.

ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಹೊಸದಾಗಿ ರೇಂಜ್‌ಗೆ ಬರುವ ಹತ್ತು ಜನರಲ್ಲಿ ಎಂಟು ಜನ ಕೇಳುವುದು ಇದನ್ನೇ. ಉತ್ತರ ಕೇಳಿಸಿಕೊಂಡು ತಲೆಯಾಡಿಸುತ್ತಾರೆ, ಮುಂದಿನ ವಾರ ಅಂಗಡಿಯವನು ಹೇಳಿದ ನಂಬರ್ ಹಿಡಿದುಕೊಂಡು ಮತ್ತೆ ಬರುತ್ತಾರೆ. ಅದಕ್ಕೇ ಈ ಸಲ ಲೆಕ್ಕ ಸಮೇತ ಹೇಳುತ್ತೇನೆ. ಎಫ್‌ಪಿಎಸ್ ಅಂದರೆ ಪೆಲೆಟ್, ಅಂದರೆ ಏರ್ ಗನ್‌ನ ಸಣ್ಣ ಗುಂಡು, ಸೆಕೆಂಡಿಗೆ ಎಷ್ಟು ಅಡಿ ಹೋಗುತ್ತದೆ ಅನ್ನುವ ಲೆಕ್ಕ.

ಒಲಿಂಪಿಕ್ಸ್‌ನಲ್ಲಿ ಬಳಸುವ 10 ಮೀಟರ್ ರೈಫಲ್‌ನಿಂದ ಪೆಲೆಟ್ ಸೆಕೆಂಡಿಗೆ ಸುಮಾರು 170ರಿಂದ 175 ಮೀಟರ್ ವೇಗದಲ್ಲಿ ಹೊರಡುತ್ತದೆ. ಎಫ್‌ಪಿಎಸ್ ಲೆಕ್ಕದಲ್ಲಿ 560ರಿಂದ 575. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ 700.5 ಅಂಕ ಗಳಿಸಿ ಚಿನ್ನ ಗೆದ್ದದ್ದು, ಗಗನ್ ನಾರಂಗ್ 2012ರಲ್ಲಿ ಲಂಡನ್‌ನಲ್ಲಿ ಕಂಚು ತಂದದ್ದು ಇದೇ ವರ್ಗದ ರೈಫಲ್‌ಗಳಿಂದ. ಲಕ್ಷಗಟ್ಟಲೆ ಬೆಲೆಯ ರೈಫಲ್ ಮಾಡುವ ಜರ್ಮನಿಯ ಎಂಜಿನಿಯರ್‌ಗಳಿಗೆ 1200 ಎಫ್‌ಪಿಎಸ್ ಕೊಡಲು ಬರುವುದಿಲ್ಲ ಅಂತಲ್ಲ. ಬೇಕಿಲ್ಲ ಅಂತಲೇ ಅವರು ಅಲ್ಲಿಗೆ ನಿಲ್ಲಿಸಿದ್ದಾರೆ.

ಯಾಕೆ ಬೇಕಿಲ್ಲ? ದೂರ ಬರೀ 10 ಮೀಟರ್. ಈ ವೇಗದಲ್ಲಿ ಪೆಲೆಟ್ ಟಾರ್ಗೆಟ್ ಮುಟ್ಟಲು 0.06 ಸೆಕೆಂಡ್ ಸಾಕು. ಅಷ್ಟರಲ್ಲಿ ಅದು ಹೆಚ್ಚುಕಡಿಮೆ 2 ಸೆಂಟಿಮೀಟರ್ ಕೆಳಗೆ ಇಳಿಯುತ್ತದೆ. ವೇಗ ದುಪ್ಪಟ್ಟಾದರೆ ಅರ್ಧ ಸೆಂಟಿಮೀಟರ್ ಇಳಿಯುತ್ತದೆ. ಹಾಗಾದರೆ ಲಾಭ ಆಯ್ತಲ್ಲ ಅನ್ನಬೇಡಿ. ಪ್ರತಿ ಸಲವೂ ಅದೇ 2 ಸೆಂಟಿಮೀಟರ್ ಇಳಿದರೆ ಸೈಟ್ (ರೈಫಲ್ ಮೇಲೆ ಗುರಿ ನೋಡುವ ಸಾಧನ) ತಿರುಗಿಸಿ ಒಂದೇ ಸಲ ಸರಿ ಮಾಡಿಕೊಳ್ಳಬಹುದು. ತೊಂದರೆ ಬರುವುದು ಒಂದೊಂದು ಪೆಲೆಟ್ ಒಂದೊಂದು ವೇಗದಲ್ಲಿ ಹೋದಾಗ.

170 ಮೀಟರ್ ವೇಗದ ರೈಫಲ್‌ನಲ್ಲಿ ಹೊಡೆತದಿಂದ ಹೊಡೆತಕ್ಕೆ 2 ಮೀಟರ್ ವ್ಯತ್ಯಾಸ ಬಂತು ಅಂತಿಟ್ಟುಕೊಳ್ಳಿ. ಟಾರ್ಗೆಟ್ ಮೇಲೆ ಅದು ಅರ್ಧ ಮಿಲಿಮೀಟರ್‌ಗಿಂತ ಕಡಿಮೆ. ಅದೇ ವ್ಯತ್ಯಾಸ 20 ಮೀಟರ್ ಆದರೆ ಸುಮಾರು 5 ಮಿಲಿಮೀಟರ್. ಟಾರ್ಗೆಟ್‌ನಲ್ಲಿ ರಿಂಗ್‌ನಿಂದ ರಿಂಗ್‌ಗೆ ಇರುವ ಅಂತರವೇ 2.5 ಮಿಲಿಮೀಟರ್. ಅಂದರೆ ಎರಡು ರಿಂಗ್ ಹೋಯಿತು. ಹಾಗಾಗಿ ವೇಗ ಎಷ್ಟು ಅಂತ ಕೇಳಬೇಡಿ, ಎಷ್ಟು ಸಮವಾಗಿದೆ ಅಂತ ಕೇಳಿ.

ಇಲ್ಲಿ ಬುದ್ಧಿವಂತ ಹುಡುಗರು ಇನ್ನೊಂದು ವಾದ ತರುತ್ತಾರೆ. ಪೆಲೆಟ್ ಬೇಗ ಹೊರಗೆ ಹೋದರೆ ಕೈ ಅಲುಗಾಡಲು ಸಮಯವೇ ಸಿಗಲ್ಲ, ಅಲ್ವಾ? ಒಳ್ಳೆಯ ಪ್ರಶ್ನೆ. ಟ್ರಿಗರ್ ಎಳೆದ ಮೇಲೆ ಪೆಲೆಟ್ ಬ್ಯಾರೆಲ್ ದಾಟಲು ಕೆಲವೇ ಮಿಲಿಸೆಕೆಂಡ್ ಬೇಕು. ಅದು ನಿಜವಾಗಿಯೂ ಮುಖ್ಯ. ಅದಕ್ಕೇ ಮ್ಯಾಚ್ ರೈಫಲ್‌ಗಳಲ್ಲಿ, ಅಂದರೆ ಸ್ಪರ್ಧೆಯ ರೈಫಲ್‌ಗಳಲ್ಲಿ, ಅಸಲಿ ಬ್ಯಾರೆಲ್ ಗಿಡ್ಡ, ಹೊರಗಿನ ಕೊಳವೆ ಮಾತ್ರ ಉದ್ದ. ಆದರೆ ಹೊಸಬರ ಹೊಡೆತ ಕೆಡುವುದು ಆ ಮಿಲಿಸೆಕೆಂಡ್‌ಗಳಲ್ಲಿ ಅಲ್ಲ. ಟ್ರಿಗರ್ ಎಳೆಯುವಾಗಲೇ ಬೆರಳಿನ ಜೊತೆ ಇಡೀ ಕೈ ಬಿಗಿಯಾಗುತ್ತದೆ, ರೈಫಲ್ ಆಗಲೇ ಜಾರಿರುತ್ತದೆ. ಅದನ್ನು ಯಾವ ಎಫ್‌ಪಿಎಸ್ ಕೂಡ ಸರಿ ಮಾಡುವುದಿಲ್ಲ.

ಈಗ ಸ್ಪ್ರಿಂಗ್ ವಿಷಯ. ಸ್ಪ್ರಿಂಗ್ ಗನ್‌ನಲ್ಲಿ ಒಳಗಿನ ಪಿಸ್ಟನ್ ಜೋರಾಗಿ ಮುಂದಕ್ಕೆ ನುಗ್ಗುತ್ತದೆ, ಗನ್ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ತುದಿಗೆ ಬಂದು ನಿಂತಾಗ ಗನ್ ಮತ್ತೆ ಮುಂದಕ್ಕೆ ಎಳೆಯುತ್ತದೆ. ಈ ಎರಡು ಹೊಡೆತದ ನಡುವೆ ಪೆಲೆಟ್ ಹೊರಗೆ ಹೋಗಬೇಕು. ಗನ್ ಹಿಡಿದ ಬಿಗಿ ಸ್ವಲ್ಪ ಬದಲಾದರೂ ಪೆಲೆಟ್ ಬೀಳುವ ಜಾಗ ಬದಲಾಗುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಈ ಒದೆತ ಇನ್ನೂ ಜಾಸ್ತಿ. ಪಿಸ್ಟನ್ ಸೀಲ್ ಬೇಗ ಹೋಗುತ್ತದೆ, ಸೈಟ್ ಸಡಿಲವಾಗುತ್ತದೆ. ದುಡ್ಡು ಕೊಟ್ಟು ಗುರಿ ಕೆಡಿಸಿಕೊಂಡ ಹಾಗೆ. ಈ ಒದೆತದಿಂದ ತಪ್ಪಿಸಿಕೊಳ್ಳಲೆಂದೇ ಸ್ಪರ್ಧೆಯ ರೈಫಲ್‌ಗಳು ಸ್ಪ್ರಿಂಗ್ ಬಿಟ್ಟು ಒತ್ತಡದ ಗಾಳಿಯ ಸಿಲಿಂಡರ್‌ಗೆ ಬಂದವು.

ಕಾನೂನೂ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಏರ್ ಗನ್‌ನ ಶಕ್ತಿ 20 ಜೂಲ್ ಮೀರಿದರೆ, ಇಲ್ಲವೇ ಬೋರ್ (ಬ್ಯಾರೆಲ್‌ನ ಒಳಗಿನ ತೂತಿನ ಅಗಲ) 4.5 ಮಿಲಿಮೀಟರ್‌ಗಿಂತ ದೊಡ್ಡದಾದರೆ ಲೈಸೆನ್ಸ್ ಬೇಕು. ರೈಫಲ್ ಪೆಲೆಟ್ ಸುಮಾರು 0.53 ಗ್ರಾಂ ತೂಗುತ್ತದೆ. ಮ್ಯಾಚ್ ರೈಫಲ್‌ನ ಶಕ್ತಿ ಎಂಟು ಜೂಲ್‌ನ ಆಸುಪಾಸು. ಅದೇ ಪೆಲೆಟ್ ನಿಜಕ್ಕೂ 1000 ಎಫ್‌ಪಿಎಸ್‌ನಲ್ಲಿ ಹೋದರೆ 24 ಜೂಲ್ ದಾಟುತ್ತದೆ. 1200 ಆದರೆ 35ರ ಹತ್ತಿರ. ಹಾಗಾದರೆ ಲೈಸೆನ್ಸ್ ಇಲ್ಲದೆ ಮಾರುವ ಗನ್ ಡಬ್ಬದ ಮೇಲೆ ಆ ನಂಬರ್ ಹೇಗೆ ಬಂತು? ತುಂಬ ಹಗುರವಾದ, ಸೀಸವಲ್ಲದ ಪೆಲೆಟ್ ಹಾಕಿ ಅಳೆದ ವೇಗ ಅದು. ಆ ಪೆಲೆಟ್‌ನಲ್ಲಿ ನೀವು ಯಾವತ್ತೂ ಸ್ಪರ್ಧೆ ಆಡುವುದಿಲ್ಲ. ಇದರ ಜೊತೆಗೆ ಶಬ್ದದ ವೇಗ ಸುಮಾರು 1100 ಎಫ್‌ಪಿಎಸ್. ಸೊಂಟ ಸಣ್ಣಗಿರುವ ಈ ಪೆಲೆಟ್ ಆ ಗಡಿಯ ಹತ್ತಿರ ಹೋದರೆ ಹಾರಾಟದಲ್ಲಿ ಅಲುಗಾಡಲು ಶುರು ಮಾಡುತ್ತದೆ.

ವೇಗ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಬಂದದ್ದು ಬೇಟೆಯ ಕಥೆಗಳಿಂದ ಅಂತ ನನ್ನ ಅಭಿಪ್ರಾಯ. ಅಲ್ಲಿ ಶಕ್ತಿ ಬೇಕಿತ್ತು. ಆದರೆ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿ. ಎಲ್ಲ ಕೋವಿಗೂ ಕಾಯಿ ಒಡೆಯುವ ಶಕ್ತಿ ಇರುತ್ತದೆ. ಗೆಲ್ಲುವವರು ಗುರಿ ತಪ್ಪದವರು.

ಇನ್ನು ಜೋಡಿಸುವ ವಿಷಯಕ್ಕೆ ಬರುತ್ತೇನೆ. ಬ್ಯಾರೆಲ್, ಟ್ರಿಗರ್, ಗಾಳಿಯ ವಾಲ್ವ್ ಇವು ಕಾರ್ಖಾನೆಯಿಂದ ಒಟ್ಟಿಗೆ ಬರಬೇಕು. ಅದನ್ನು ಬಿಡಿಬಿಡಿಯಾಗಿ ಕೊಳ್ಳಬೇಡಿ, ಬಿಚ್ಚಲೂ ಬೇಡಿ. ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡ ಇರುತ್ತದೆ, ಕಾರಿನ ಟೈರ್‌ನ ಒತ್ತಡ 2 ಬಾರ್‌ಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಸಿಲಿಂಡರ್ ಮೇಲೆ ಒತ್ತಿರುವ ತಾರೀಕು ನೋಡಿ. ತಯಾರಾಗಿ 10 ವರ್ಷ ಆಗಿದ್ದರೆ ಸಿಲಿಂಡರ್ ಬದಲಾಯಿಸುವ ಖರ್ಚನ್ನೂ ಬೆಲೆಗೆ ಸೇರಿಸಿ ಚೌಕಾಸಿ ಮಾಡಿ.

ನಿಮ್ಮ ಕೈಯಲ್ಲಿ ಜೋಡಿಸಬೇಕಾದದ್ದು ಉಳಿದ ಭಾಗಗಳನ್ನು. ಭುಜಕ್ಕೆ ಒರಗುವ ಬಟ್ ಪ್ಲೇಟ್, ಕೆನ್ನೆಗೆ ಒರಗುವ ಚೀಕ್ ಪೀಸ್, ಸೈಟ್, ಸಮತೋಲಕ್ಕೆ ಸೇರಿಸುವ ತೂಕದ ತುಂಡು. ಎಲ್ಲ ಸೇರಿ 5.5 ಕಿಲೋ ದಾಟಬಾರದು, ನಿಯಮ ಅಷ್ಟೇ. ಚಿಕ್ಕವರು 5.5 ತುಂಬಿಸಲೇಬೇಕು ಅಂತ ಹಟ ಮಾಡುವುದು ಬೇಡ.

ಚೀಕ್ ಪೀಸ್‌ನಿಂದ ಶುರು ಮಾಡಿ. ಕಣ್ಣು ಮುಚ್ಚಿ, ರೈಫಲ್ ಭುಜಕ್ಕಿಟ್ಟು, ಕೆನ್ನೆಯನ್ನು ಆರಾಮಾಗಿ ಒರಗಿಸಿ. ಈಗ ಕಣ್ಣು ತೆರೆಯಿರಿ. ಹಿಂದಿನ ಸೈಟ್‌ನ ತೂತಿನ ನಡುವೆ ಮುಂದಿನ ರಿಂಗ್ ತಾನಾಗಿಯೇ ಕಾಣಬೇಕು. ಕುತ್ತಿಗೆ ಎತ್ತಿ ಇಳಿಸಿ ಹುಡುಕಬೇಕಾದರೆ ಎತ್ತರ ತಪ್ಪಿದೆ. ರೈಫಲ್ ನಿಮಗೆ ಹೊಂದಬೇಕೇ ಹೊರತು ನೀವು ರೈಫಲ್‌ಗಲ್ಲ. ಎರಡು ಸೈಟ್‌ಗಳ ನಡುವೆ 80 ಸೆಂಟಿಮೀಟರ್ ಇದ್ದರೆ, ಮುಂದಿನ ಸೈಟ್ 0.2 ಮಿಲಿಮೀಟರ್ ಸರಿದರೂ ಟಾರ್ಗೆಟ್ ಮೇಲೆ ಪೂರ್ತಿ ಒಂದು ರಿಂಗ್ ಹೋಗುತ್ತದೆ. ಕುತ್ತಿಗೆ ನೋಯುತ್ತಿರುವವರ ಸೈಟ್ ಅಷ್ಟು ಸರಿಯದೆ ಇರುತ್ತದಾ?

ಮುಂದಿನ ಸೈಟ್‌ನ ರಿಂಗ್ ದೊಡ್ಡದೇ ಇರಲಿ. ಸಣ್ಣ ರಿಂಗ್ ಹಾಕಿದರೆ ನಿಖರ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಟಾರ್ಗೆಟ್‌ನ ಕಪ್ಪು ವೃತ್ತದ ಸುತ್ತ ಬಿಳಿ ಜಾಗ ಚೆನ್ನಾಗಿ ಕಾಣಬೇಕು. ಬಿಳಿ ತೀರಾ ಕಡಿಮೆಯಾದರೆ ಕಪ್ಪು ಎಲ್ಲಿದೆ, ರಿಂಗ್ ಎಲ್ಲಿದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ನೀವು ಸುಮ್ನೆ ಗುರಿ ಹಿಡಿದುಕೊಂಡು ಉಸಿರು ಮುಗಿಸುತ್ತೀರಿ. ನೋಟ ಮುಂದಿನ ರಿಂಗ್ ಮೇಲೆ ನಿಲ್ಲಲಿ. ಟಾರ್ಗೆಟ್ ಸ್ವಲ್ಪ ಮಸುಕಾಗಿ ಕಂಡರೂ ಪರವಾಗಿಲ್ಲ.

ಉಳಿದ ದುಡ್ಡಿನಲ್ಲಿ ಪೆಲೆಟ್ ಕೊಳ್ಳಿ. ಒಂದೇ ಕಂಪನಿಯ ಪೆಲೆಟ್‌ನಲ್ಲೂ ತಲೆಯ ಅಳತೆ 4.49, 4.50, 4.51 ಅಂತ ಬೇರೆ ಬೇರೆ ಬರುತ್ತದೆ. ನಿಮ್ಮ ಬ್ಯಾರೆಲ್‌ಗೆ ಯಾವುದು ಒಪ್ಪುತ್ತದೆ ಅಂತ ರೈಫಲ್ ಅನ್ನು ಭದ್ರವಾಗಿ ಕಟ್ಟಿ ಐದೈದು ಹೊಡೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಪೆಲೆಟ್ ಮುಟ್ಟಿದ ಕೈ ತೊಳೆಯದೆ ತಿಂಡಿ ತಿನ್ನಬೇಡಿ, ಅದು ಸೀಸ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಬಹಳ ಜನ ಎಡಗಣ್ಣು ಮುಚ್ಚಿ ಗುರಿ ಇಡುತ್ತಾರೆ. 75 ನಿಮಿಷದಲ್ಲಿ 60 ಹೊಡೆತ ಹೊಡೆಯಬೇಕಾದ ಆಟ ಇದು. ಅಷ್ಟು ಹೊತ್ತು ಒಂದು ಕಣ್ಣು ಹಿಂಡಿದರೆ ಮುಖವೆಲ್ಲ ಬಿಗಿಯುತ್ತದೆ. ಒಂದು ಕಣ್ಣಿಗೆ ಬೆಳಕು ನಿಂತರೆ ಇನ್ನೊಂದು ಕಣ್ಣಿನ ಪಾಪೆಯೂ ಹಿಗ್ಗುತ್ತದೆ, ನೋಟದ ಚೂಪು ಕಡಿಮೆಯಾಗುತ್ತದೆ. ಗುರಿ ಇಡದ ಕಣ್ಣಿನ ಮುಂದೆ ಬೆಳಕು ಬಿಡುವ ಬಿಳಿ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಳ್ಳಿ. ಕಪ್ಪು ಬಟ್ಟೆ ಬೇಡ. ಪಟ್ಟಿಯ ಅಗಲ 30 ಮಿಲಿಮೀಟರ್ ದಾಟಬಾರದು ಅಂತ ನಿಯಮ ಇದೆ.

ಇದಕ್ಕೂ ಮೊದಲು ನಿಮ್ಮ ಪ್ರಬಲ ಕಣ್ಣು (ನೋಡುವಾಗ ಮುಂದಾಗುವ ಕಣ್ಣು) ಯಾವುದು ಅಂತ ನೋಡಿಕೊಳ್ಳಿ. ಎರಡೂ ಕೈ ಚಾಚಿ, ಹಸ್ತಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಗಡಿಯಾರ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಗಡಿಯಾರ ಕಿಂಡಿಯಲ್ಲೇ ಉಳಿಯಿತೋ ಅದೇ ಪ್ರಬಲ. ಬಲಗೈಯವರಿಗೆ ಎಡಗಣ್ಣು ಪ್ರಬಲ ಇರುವುದು ಅಪರೂಪವೇನಲ್ಲ. ಹಾಗಿದ್ದರೆ ಎಡಗಡೆಯಿಂದ ಹೊಡೆಯುವುದಾ, ಪಟ್ಟಿ ಕಟ್ಟಿ ಬಲಗಡೆಯಿಂದಲೇ ಮುಂದುವರಿಯುವುದಾ ಅಂತ ಕೋಚ್ ಜೊತೆ ಕೂತು ತೀರ್ಮಾನ ಮಾಡಿ. ಸ್ಟಾಕ್ (ಕೈಯಲ್ಲಿ ಹಿಡಿದು ಭುಜಕ್ಕಿಡುವ ರೈಫಲ್‌ನ ಭಾಗ) ಆರ್ಡರ್ ಮಾಡುವ ಮುಂಚೆಯೇ ಮಾಡಿ. ಬಲಗೈಯವರ ಸ್ಟಾಕ್ ಕೊಂಡ ಮೇಲೆ ಎಡಗೈಗೆ ಬದಲಾಯಿಸುವುದು ತುಂಬ ದುಬಾರಿ.