ಸೆಪಿಯಾ ಅಂದ್ರೆ ಮುಪ್ಪಲ್ಲ

ಕಂದು ಬಣ್ಣದ ಫೋಟೋ ಕಂಡರೆ ಸಾಕು, "ಪಾಪ, ಹಳೇದಾಗಿ ಬಣ್ಣ ತಿರುಗಿದೆ" ಅನ್ನುತ್ತಾರೆ. ನನಗೆ ರೇಗುತ್ತದೆ. ಸರಿಯಾಗಿ ತೊಳೆಯದ ಪ್ರಿಂಟ್ ಹಳದಿಯಾಗಿ ಮಾಸುವುದು ನಿಜ. ಆದರೆ ಒಳ್ಳೆಯ ಸೆಪಿಯಾ, ಅಂದರೆ ಕಪ್ಪುಬಿಳುಪು ಪ್ರಿಂಟನ್ನು ಟೋನರ್ ಎಂಬ ಬಣ್ಣ ಬದಲಿಸುವ ದ್ರಾವಣಕ್ಕೆ ಹಾಕಿ ತಂದ ಕಂದು, ಬೇಕೆಂದೇ ಮಾಡಿದ್ದು, ಅದೂ ಫೋಟೋ ಜಾಸ್ತಿ ದಿನ ಬಾಳಲಿ ಅಂತ.

ಬೆಳ್ಳಿ ಗೆಜ್ಜೆ ಕಪ್ಪಾದರೆ ದೃಷ್ಟಿ ತಾಗಿದೆ ಅನ್ನುವವರಿದ್ದಾರಲ್ಲ, ಅವರಿಗೂ ಇದೇ ಉತ್ತರ. ದೃಷ್ಟಿಯೂ ಇಲ್ಲ, ಏನೂ ಇಲ್ಲ, ಗಂಧಕ ಬೆಳ್ಳಿಗೆ ಅಂಟಿಕೊಂಡು ಸಿಲ್ವರ್ ಸಲ್ಫೈಡ್ ಆಗಿದೆ ಅಷ್ಟೆ. ಕಪ್ಪುಬಿಳುಪು ಫೋಟೋದ ಕಪ್ಪೂ ಬೆಳ್ಳಿಯ ಕಣಗಳೇ, ಹಾಗಾಗಿ ಸೆಪಿಯಾ ಟ್ರೇಯಲ್ಲೂ ಆಗುವುದು ಅದೇ. ಮೊದಲು ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಬ್ರೋಮೈಡ್ ಬೆರೆಸಿದ ಬ್ಲೀಚ್‌ನಲ್ಲಿ ಚಿತ್ರ ಮಂಕಾಗಿ ಹೋಗುತ್ತದೆ (ಮೊದಲ ಸಲ ನೋಡಿದವರ ಎದೆ ಧಸಕ್ಕೆನ್ನುತ್ತದೆ). ಆಮೇಲೆ ಸೋಡಿಯಂ ಸಲ್ಫೈಡ್‌ಗೆ ಹಾಕಿದರೆ ಕಂದಾಗಿ ಎದ್ದು ಬರುತ್ತದೆ, ಜೊತೆಗೆ ಕೊಳೆತ ಮೊಟ್ಟೆ ವಾಸನೆ ಉಚಿತ. ಆ ವಾಸನೆ ಬೇಡವೆಂದರೆ ಥಯೋಯೂರಿಯಾ ಇದೆ. ಗಂಧಕ ಆಗಲೇ ಹಿಡಿದ ಬೆಳ್ಳಿಗೆ ಗಾಳಿಯ ಗಂಧಕ ಮತ್ತೇನು ಮಾಡೀತು?

ಹಾಗಾದರೆ ಗೆಜ್ಜೆ ಕಪ್ಪು, ಫೋಟೋ ಯಾಕೆ ಕಂದು? ಇಲ್ಲೇ ಮಜಾ ಇರುವುದು. ಬಣ್ಣ ಬರೀ ವಸ್ತುವಿನದಲ್ಲ, ಕಣದ ಗಾತ್ರದ್ದೂ ಹೌದು. ಗೆಜ್ಜೆಯ ಮೇಲೆ ಸಲ್ಫೈಡ್ ಒಂದೇ ಪದರ, ಫೋಟೋದಲ್ಲಿ ನುಣ್ಣನೆಯ ಕಣ. ಕಬ್ಬಿಣದ ಸರಳು ಹೊಳೆಯುತ್ತದೆ, ಅದನ್ನೇ ಅರದಿಂದ ಉಜ್ಜಿದರೆ ಬೀಳುವ ಪುಡಿ ಕಪ್ಪು. ಡೆವಲಪರ್‌ನಲ್ಲಿ (ಚಿತ್ರ ಮೂಡಿಸುವ ದ್ರಾವಣ) ಬೆಳೆದ ಬೆಳ್ಳಿಯೂ ಸಿಕ್ಕುಬಿದ್ದ ನೂಲಿನ ಉಂಡೆ ಹಾಗೆ, ಒಳಗೆ ಹೊಕ್ಕ ಬೆಳಕು ಆಚೆ ಬರುವುದಿಲ್ಲ, ಅದಕ್ಕೇ ಕಪ್ಪು. ಕಾಗದದಲ್ಲೂ ಈ ಭೇದವಿದೆ: ವಾರ್ಮ್ ಟೋನ್ (ಬೆಚ್ಚನೆ ಛಾಯೆಯ) ಕಾಗದದ ಕಣ ಚಿರೋಟಿ ರವೆ, ಕೋಲ್ಡ್ ಟೋನ್ (ತಣ್ಣನೆ ಛಾಯೆಯ) ಕಾಗದದ್ದು ಉಪ್ಪಿಟ್ಟಿನ ರವೆ. ಸೆಲೆನಿಯಂ ಅನ್ನುವ ಇನ್ನೊಂದು ಟೋನರ್‌ನ ಒಂದೇ ದ್ರಾವಣ ಮೊದಲನೆಯದನ್ನು ಕೆಂಗಂದು ಮಾಡುತ್ತದೆ, ಎರಡನೆಯದರಲ್ಲಿ ಕಪ್ಪನ್ನು ಇನ್ನಷ್ಟು ಆಳ ಮಾಡಿ ಸುಮ್ಮನಾಗುತ್ತದೆ. ಅದಕ್ಕೇ "ಯಾವ ಟೋನರ್ ತಗೊಳ್ಳಲಿ" ಅಂತ ಕೇಳುವವರಿಗೆ ನಾನು ಮೊದಲು ಕೇಳುವುದು, ಕಾಗದ ಯಾವುದು ಅಂತ.

ಚಿನ್ನದ ಟೋನರ್ ಇನ್ನೂ ವಿಚಿತ್ರ. ಮಾಮೂಲಿ ಪ್ರಿಂಟ್‌ಗೆ ತಣ್ಣನೆಯ ನೀಲಿಗಪ್ಪು ಕೊಡುತ್ತದೆ, ಸೆಪಿಯಾ ಮಾಡಿದ ಪ್ರಿಂಟ್ ಹಾಕಿದರೆ ಕಿತ್ತಳೆಗೆಂಪು! 1840ರಲ್ಲಿ ಫ್ರಾನ್ಸಿನ ವಿಜ್ಞಾನಿ ಫಿಜೋ ಡಗೆರೋಟೈಪ್ ತಗಡಿಗೆ (ಬೆಳ್ಳಿ ಲೇಪದ ತಗಡಿನ ಮೇಲೆ ತೆಗೆಯುತ್ತಿದ್ದ ಆಗಿನ ಕಾಲದ ಫೋಟೋ) ಚಿನ್ನದ ಲವಣ, ಹೈಪೋ (ಸೋಡಿಯಂ ಥಯೋಸಲ್ಫೇಟ್) ಸುರಿದು ಕೆಳಗಿನಿಂದ ಕಾಯಿಸಿದ. ಬೆರಳು ತಾಗಿದರೆ ಒರೆಸಿಹೋಗುತ್ತಿದ್ದ ಚಿತ್ರ ಗಟ್ಟಿಯಾಯಿತು. ಇದೇ ಮನುಷ್ಯ 1849ರಲ್ಲಿ ಹಲ್ಲಿನ ಚಕ್ರ ತಿರುಗಿಸಿ ಬೆಳಕಿನ ವೇಗ ಅಳೆದ. ಟೋನಿಂಗ್‌ಗೂ ಅದಕ್ಕೂ ಸಂಬಂಧವಿಲ್ಲ, ಹೇಳದೇ ಇರಲಾಗಲಿಲ್ಲ.

ಈಗ ಆಯ್ಕೆಗೆ ಬರೋಣ. ಸೆಪಿಯಾ ಬ್ಲೀಚ್ ಮೊದಲು ತಿಳಿಭಾಗವನ್ನು ಹಿಡಿಯುತ್ತದೆ, ಸೆಲೆನಿಯಂ ಮೊದಲು ಗಾಢ ನೆರಳನ್ನು. ಬ್ಲೀಚ್ ಅರ್ಧಕ್ಕೇ ನಿಲ್ಲಿಸಿ ಸೆಪಿಯಾ ಮಾಡಿ, ಚೆನ್ನಾಗಿ ತೊಳೆದು ಸೆಲೆನಿಯಂಗೆ ಹಾಕಿದರೆ ಮುಖದ ಮೇಲೆ ಬೆಚ್ಚನೆಯ ಬೆಳಕು, ಹಿಂದೆ ಆಳವಾದ ಕತ್ತಲೆ. ಅಜ್ಜಿಯ ಮುಖಕ್ಕೆ ನಾನು ಬೇರೇನೂ ಯೋಚಿಸುವುದೇ ಇಲ್ಲ. ಮಂಜು, ಮಳೆ, ಕಲ್ಲಿಗೆ ಚಿನ್ನ, ಜೇಬು ತಡೆದರೆ. ಪೂರ್ತಿ ಸೆಪಿಯಾ ಮಾಡುವುದಾದರೆ ಪ್ರಿಂಟ್ ಸ್ವಲ್ಪ ಗಾಢವಾಗಿಯೇ ಇರಲಿ, ಟೋನ್ ಆದಮೇಲೆ ತಿಳಿಯಾಗುತ್ತದೆ. ಸೆಲೆನಿಯಂ ವಿಷ, ಕೈಗವಸು ಹಾಕಿ, ಕಿಟಕಿ ತೆರೆಯಿರಿ.

ಕಬ್ಬಿಣದ ನೀಲಿ ಟೋನರ್ ಮಾತ್ರ ನಂಬಬೇಡಿ. ನೋಡಲು ಭರ್ಜರಿ, ಆದರೆ ಕ್ಷಾರ ತಾಗಿದರೆ ಕರಗುವ ಪ್ರಷ್ಯನ್ ಬ್ಲೂ ಅದು. ಬೆಳದಿಂಗಳ ಕೆರೆಯ ಪ್ರಿಂಟ್ ಒಂದನ್ನು ನೀಲಿ ಮಾಡಿ, ಕ್ಷಾರವಿರುವ ಬೋರ್‌ವೆಲ್ ನೀರಿನ ಕೊಳಾಯಿ ಕೆಳಗೆ ಬಿಟ್ಟು ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಬೆಳದಿಂಗಳು ಮೋರಿಯಲ್ಲಿತ್ತು.