ಒನ್ ಪರ್ಸೆಂಟ್ ಲೋ ಅಂದ್ರೆ ಏನು? ಎರಡು ಗ್ರಾಫಿಕ್ಸ್ ಕಾರ್ಡ್ ಹೋಲಿಸುವವರಿಗೆ

2023ರ ದಸರಾ ರಜೆಯಲ್ಲಿ ಅಕ್ಕನ ಮಗನನ್ನು ಕರೆದುಕೊಂಡು ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೋಗಿದ್ದೆ. ಅವನಿಗೆ ಗೇಮ್ ಆಡಲು ಗ್ರಾಫಿಕ್ಸ್ ಕಾರ್ಡ್, ಅಂದರೆ ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಭಾಗ, ಬೇಕಿತ್ತು. ಆರ್‌ಟಿಎಕ್ಸ್ 4060 ಟಿಐ ಅಂತ ಮೊದಲೇ ಗೊತ್ತುಮಾಡಿಕೊಂಡಿದ್ದ, ಆದರೆ 8 ಜಿಬಿ ಮೆಮೊರಿಯದೋ 16 ಜಿಬಿಯದೋ ಅನ್ನೋದು ತೀರ್ಮಾನ ಆಗಿರಲಿಲ್ಲ. ಅಂಗಡಿಯವರು ಫೋನಿನಲ್ಲಿ ಒಂದು ಚಾರ್ಟ್ ತೆಗೆದು ತೋರಿಸಿದರು. ಎರಡರ ಆವರೇಜ್ ಎಫ್‌ಪಿಎಸ್ ಹೆಚ್ಚುಕಮ್ಮಿ ಒಂದೇ. “ನೋಡಿ ಸರ್, ಸುಮ್ನೆ ಯಾಕೆ ಜಾಸ್ತಿ ದುಡ್ಡು ಹಾಕ್ತೀರ?” ಅಂದರು. ಅವರು ತೋರಿಸಿದ್ದು ಸುಳ್ಳಲ್ಲ. ಆದರೆ ಪ್ರತಿ ಉದ್ದ ಪಟ್ಟಿಯ ಕೆಳಗೆ ತಿಳಿ ಬಣ್ಣದ ಇನ್ನೊಂದು ಗಿಡ್ಡ ಪಟ್ಟಿ ಇತ್ತು. ಹುಡುಗ ಅದರ ಮೇಲೆ ಬೆರಳಿಟ್ಟು, “ಮಾಮ, ಈ ಒನ್ ಪರ್ಸೆಂಟ್ ಲೋ ಅಂದ್ರೆ ಏನು?” ಅಂತ ಕೇಳಿದ.

ನನ್ನ ಪ್ರಕಾರ ಇಡೀ ಚಾರ್ಟಿನಲ್ಲಿ ಮೊದಲು ನೋಡಬೇಕಾದದ್ದೇ ಆ ಗಿಡ್ಡ ಪಟ್ಟಿ.

ಎಫ್‌ಪಿಎಸ್ ಅಂದರೆ ಒಂದು ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ತೆರೆಯ ಮೇಲೆ ಎಷ್ಟು ಚಿತ್ರ, ಬಂತು ಅನ್ನುವ ಲೆಕ್ಕ. 60 ಎಫ್‌ಪಿಎಸ್ ಅಂದರೆ ಒಂದೊಂದು ಫ್ರೇಮಿಗೆ ಸರಾಸರಿ 16.7 ಮಿಲಿಸೆಕೆಂಡ್. ತೊಂದರೆ ಇರುವುದು ಈ ‘ಸರಾಸರಿ’ಯಲ್ಲೇ. ನಮ್ಮ ಬಿಎಂಟಿಸಿ ಸ್ಟಾಪನ್ನೇ ನೆನೆಸಿಕೊಳ್ಳಿ. ಗಂಟೆಗೆ ಆರು ಬಸ್ ಅಂದರೆ ಹತ್ತು ನಿಮಿಷಕ್ಕೊಂದು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಐದು ಬಸ್ ಒಂದರ ಹಿಂದೆ ಒಂದು ಬಂದುಹೋಗಿ, ಆರನೆಯದಕ್ಕೆ ಮುಕ್ಕಾಲು ಗಂಟೆ ಕಾದರೂ ಲೆಕ್ಕ ಗಂಟೆಗೆ ಆರೇ ಅಲ್ವಾ? ಲೆಕ್ಕ ಸರಿಯಾಗಿದೆ, ನಿಂತವರ ಕಾಲು ಮಾತ್ರ ನೋಯುತ್ತಿದೆ.

ಫ್ರೇಮುಗಳದ್ದೂ ಇದೇ ಕಥೆ. ಒಂದು ಸೆಕೆಂಡಿನಲ್ಲಿ 59 ಫ್ರೇಮ್ ತಲಾ 10 ಮಿಲಿಸೆಕೆಂಡಿನಲ್ಲಿ ಬಂತು ಅಂತಿಟ್ಟುಕೊಳ್ಳಿ, 590 ಆಯಿತು. ಕೊನೆಯದೊಂದು 410 ಮಿಲಿಸೆಕೆಂಡ್ ತಿಂದಿತು. ಒಟ್ಟು 60 ಫ್ರೇಮ್, ಒಂದು ಸೆಕೆಂಡ್, ಆವರೇಜ್ 60 ಎಫ್‌ಪಿಎಸ್. ಆದರೆ ಆಡುವವನಿಗೆ ಹೇಗಿರುತ್ತದೆ? ಮೂಲೆ ತಿರುಗಿದ, ಮೌಸ್ ಆಡಿಸಿದ, ಚಿತ್ರ ಅರ್ಧ ಸೆಕೆಂಡಿನಷ್ಟು ಅಲ್ಲಾಡದೆ ನಿಂತಿತು, ಮತ್ತೆ ಚಲಿಸುವಷ್ಟರಲ್ಲಿ ಎದುರಿನವನು ಹೊಡೆದು ಹಾಕಿದ್ದ. ಇದನ್ನೇ ಸ್ಟಟರ್ ಅನ್ನುತ್ತಾರೆ. ಆವರೇಜಿನಲ್ಲಿ ಇದರ ಸುಳಿವೇ ಸಿಗುವುದಿಲ್ಲ.

ಒನ್ ಪರ್ಸೆಂಟ್ ಲೋ ಹಿಡಿಯುವುದು ಈ ತಡವಾದ ಫ್ರೇಮುಗಳನ್ನು. ಒಂದು ನಿಮಿಷ ಆಡಿ ಆವರೇಜ್ 100 ಬಂತು ಅಂದರೆ ಒಟ್ಟು 6000 ಫ್ರೇಮ್. ಪ್ರತಿಯೊಂದಕ್ಕೂ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಟ್ಟು, ತೀರಾ ತಡವಾದದ್ದು ಮುಂದೆ ಬರುವ ಹಾಗೆ ಸಾಲಾಗಿ ನಿಲ್ಲಿಸಿ. ಸಾಲಿನ ಮೊದಲ 60, ಅಂದರೆ ನೂರಕ್ಕೆ ಒಂದು ಪಾಲು, ಅಷ್ಟರದ್ದೇ ಸರಾಸರಿ ತೆಗೆಯಿರಿ. ಅದು 40 ಮಿಲಿಸೆಕೆಂಡ್ ಬಂದರೆ ಒನ್ ಪರ್ಸೆಂಟ್ ಲೋ 25 ಎಫ್‌ಪಿಎಸ್. ಇನ್ನೊಂದು ಕಾರ್ಡಿನಲ್ಲಿ 14 ಬಂದರೆ ಸುಮಾರು 71. ಎರಡರ ಆವರೇಜೂ 100. ಒಂದು ನೀರು ಹರಿದಂತೆ ಓಡುತ್ತದೆ, ಇನ್ನೊಂದು ಎಡವಿ ಎಡವಿ ಹೋಗುತ್ತದೆ.

ಒಂದು ವಿಷಯದಲ್ಲಿ ಎಚ್ಚರ ಬೇಕು. ಎಲ್ಲರೂ ಹೀಗೇ ಲೆಕ್ಕ ಹಾಕುವುದಿಲ್ಲ. ಕೆಲವರು ಆ 60 ಫ್ರೇಮುಗಳ ಸರಾಸರಿ ತೆಗೆಯದೆ, ಅವು ಶುರುವಾಗುವ ಗಡಿಯಲ್ಲಿರುವ ಒಂದು ಫ್ರೇಮಿನ ಸಮಯವನ್ನೇ ಕೊಡುತ್ತಾರೆ. ಹಾಗೆ ಮಾಡಿದಾಗ ಅಂಕಿ ಸ್ವಲ್ಪ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಒಬ್ಬರ ಚಾರ್ಟಿನ ಲೋ, ಇನ್ನೊಬ್ಬರ ಚಾರ್ಟಿನ ಲೋ ಪಕ್ಕಪಕ್ಕ ಇಟ್ಟು ನೋಡಬಾರದು. 0.1 ಪರ್ಸೆಂಟ್ ಲೋ ಅಂತಲೂ ಒಂದಿದೆ. 6000ದಲ್ಲಿ ಅದು ಬರೀ ಆರು ಫ್ರೇಮ್. ಹಿನ್ನೆಲೆಯಲ್ಲಿ ವಿಂಡೋಸ್ ಏನೋ ಅಪ್‌ಡೇಟ್ ಶುರುಮಾಡಿದರೂ ಅದು ಏರುಪೇರಾಗುತ್ತದೆ, ನಾನಂತೂ ಅದನ್ನು ನೆಚ್ಚಿಕೊಳ್ಳುವುದಿಲ್ಲ.

ಹೀಗೆ ಸೆಕೆಂಡಿನ ಒಳಗೆ ಇಣುಕಿ, ಫ್ರೇಮ್ ಫ್ರೇಮಿನ ಸಮಯ ನೋಡಿ ಕಾರ್ಡುಗಳನ್ನು ಅಳೆಯುವ ರೀತಿಯನ್ನು 2011ರಲ್ಲಿ ಟೆಕ್ ರಿಪೋರ್ಟ್ ಅನ್ನುವ ವೆಬ್‌ಸೈಟಿನ ಸ್ಕಾಟ್ ವಾಸನ್ ಗಟ್ಟಿಯಾಗಿ ಮುಂದಿಟ್ಟರು. ಅಲ್ಲಿಂದಾಚೆಗೆ ಬೇರೆಯವರೂ ಅದೇ ದಾರಿ ಹಿಡಿದರು. ಇವತ್ತು ನಮಗೆ ಆ ಕೆಲಸ ಸಲೀಸಾಗಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು.

ಈಗ ಹುಡುಗನ ಕಾರ್ಡಿಗೆ ಬರೋಣ. 8 ಜಿಬಿ, 16 ಜಿಬಿ ಎರಡರಲ್ಲೂ ಚಿಪ್ ಒಂದೇ. ಮೆಮೊರಿಯ ದಾರಿಯೂ ಒಂದೇ, 128 ಬಿಟ್, ಸೆಕೆಂಡಿಗೆ 288 ಜಿಬಿ. ಬಿಡುಗಡೆಯಾದಾಗ ಬೆಲೆ ಮಾತ್ರ 399 ಡಾಲರ್, 499 ಡಾಲರ್. ಗೇಮ್ 8 ಜಿಬಿ ಒಳಗೆ ಹಿಡಿಸುವ ತನಕ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಟೆಕ್ಸ್‌ಚರ್ (ಗೇಮಿನ ಗೋಡೆ, ನೆಲ, ಬಟ್ಟೆಗಳ ಮೇಲೆ ಹೊದಿಸುವ ಚಿತ್ರ) ಸೆಟ್ಟಿಂಗ್ ಜಾಸ್ತಿ ಇಟ್ಟು ಆ 8 ಜಿಬಿ ತುಂಬಿತು ಅನ್ನಿ. ಮಿಕ್ಕಿದ್ದು ಕಂಪ್ಯೂಟರಿನ ರ‍್ಯಾಮಿಗೆ ಹೋಗಿ ಕೂರುತ್ತದೆ. ಬೇಕಾದಾಗಲೆಲ್ಲ ಪಿಸಿಐಇ ಸ್ಲಾಟಿನ, ಅಂದರೆ ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರುವ ಜಾಗದ, ಮೂಲಕ ತರಿಸಿಕೊಳ್ಳಬೇಕು. ಈ ಕಾರ್ಡ್ ಬಳಸುವುದು ಎಂಟೇ ಲೇನ್, ಪಿಸಿಐಇ 4.0 ಇದ್ದರೆ ಸೆಕೆಂಡಿಗೆ ಸುಮಾರು 16 ಜಿಬಿ. ನಮ್ಮ ಹುಡುಗನ ಮದರ್‌ಬೋರ್ಡ್ ಹಳೆಯದು, 3.0. ಅಲ್ಲಿಗೆ ಸುಮಾರು 8 ಜಿಬಿ. 288 ಎಲ್ಲಿ, 8 ಎಲ್ಲಿ! ದೊಡ್ಡ ರಸ್ತೆಯಿಂದ ಚಿಕ್ಕಪೇಟೆಯ ಸಂದಿಗೆ ಲಾರಿ ನುಗ್ಗಿಸಿದ ಹಾಗೆ. ಇದು ಎಲ್ಲ ಫ್ರೇಮಿಗೂ ಆಗುವುದಿಲ್ಲ, ಅದಕ್ಕೇ ಎಷ್ಟೋ ಸಲ ಆವರೇಜ್ ಅಷ್ಟಾಗಿ ಇಳಿಯುವುದಿಲ್ಲ. ಆದರೆ ಆ ಮೆಮೊರಿಗಾಗಿ ಕಾದ ಫ್ರೇಮುಗಳೆಲ್ಲ ಒನ್ ಪರ್ಸೆಂಟ್ ಲೋ ಲೆಕ್ಕದಲ್ಲಿ ಸಿಕ್ಕಿಬೀಳುತ್ತವೆ.

ಹಾಗಂತ ಲೋ ಕಮ್ಮಿ ಬಂದ ಕೂಡಲೇ ಕಾರ್ಡನ್ನೇ ದೂರಬೇಡಿ. ಪ್ರಾಸೆಸರ್ ಸೋತಿರಬಹುದು, ಒಂದೇ ರ‍್ಯಾಮ್ ಸ್ಟಿಕ್ ಇರಬಹುದು, ಗೇಮ್ ಮೊದಲ ಸಲ ಓಡುವಾಗ ಶೇಡರ್ (ಬಣ್ಣ, ಬೆಳಕು ಮೂಡಿಸುವ ಪುಟ್ಟ ಪ್ರೋಗ್ರಾಂ) ಕಂಪೈಲ್ ಆಗುತ್ತಿರಬಹುದು. ಮನೆಯಲ್ಲಿ ಅಳೆಯುವುದಾದರೆ ಕ್ಯಾಪ್‌ಫ್ರೇಮ್‌ಎಕ್ಸ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಅದೇ ಕಂಪ್ಯೂಟರ್, ಗೇಮಿನಲ್ಲಿ ಅದೇ ಜಾಗ, ಅದೇ ದಾರಿ. ಮೊದಲ ಓಟ ಬಿಟ್ಟುಬಿಡಿ, ಆಮೇಲಿನ ಮೂರು ಓಟ ನೋಡಿ.

ಅವತ್ತು ಇಷ್ಟನ್ನೂ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಹೇಳಿದೆ. ಹುಡುಗನಿಗೆ ಬೇಕಿದ್ದದ್ದು 1440ಪಿ ಮಾನಿಟರಿನಲ್ಲಿ ದೊಡ್ಡ ದೊಡ್ಡ ಕಥೆಯ ಗೇಮ್‌ಗಳು, ಟೆಕ್ಸ್‌ಚರ್ ಅಲ್ಟ್ರಾದಲ್ಲೇ ಇರಬೇಕು, ಬೋರ್ಡ್ ಬದಲಾಯಿಸಲು ದುಡ್ಡಿಲ್ಲ. 16 ಜಿಬಿಯದೇ ತಗೊಂಡ. ಬರೀ ವ್ಯಾಲರಂಟ್‌ನಂಥ ಹಗುರ ಗೇಮ್ ಆಡುವವನಾಗಿದ್ದರೆ 8 ಜಿಬಿಯದೇ ಕೊಡಿಸಿ, ಉಳಿದ ದುಡ್ಡಲ್ಲಿ ಇನ್ನೊಂದು ರ‍್ಯಾಮ್ ಸ್ಟಿಕ್ ಹಾಕಿಸುತ್ತಿದ್ದೆ.